ಎಲ್‌ಎಫ್‌ಒ ಟಿಕ್ ಟಿಕ್ ಕಾಟಕ್ಕೆ ಟಿಎಲ್062 ಚಿಪ್: ಬಳಸಿದ ಮೇಲೆ ಅನ್ನಿಸಿದ್ದು

ಮನೆಯಲ್ಲೇ ಟ್ರೆಮೊಲೊ, ಫೇಸರ್, ಕೋರಸ್ ಪೆಡಲ್ (ಗಿಟಾರ್ ಸದ್ದನ್ನು ಅಲೆಯಂತೆ ಆಡಿಸುವ ಪೆಟ್ಟಿಗೆಗಳು) ಕಟ್ಟುವವರಿಗೆ ಈ ಕಾಟ ಚೆನ್ನಾಗಿ ಗೊತ್ತು. ಗಿಟಾರ್ ಮುಟ್ಟದೇ ಇದ್ದರೂ ಆಂಪ್‌ನಲ್ಲಿ ಟಿಕ್, ಟಿಕ್, ಟಿಕ್. ಸ್ಪೀಡ್ ನಾಬ್ ಏರಿಸಿದರೆ ಟಿಕ್ ಕೂಡ ಜೋರಾಗಿ ಓಡುತ್ತದೆ. ಅದರ ನಂತರ ಒಂದು ಡಿಸ್ಟಾರ್ಷನ್ ಪೆಡಲ್ ಇದ್ದರಂತೂ ಕೇಳುವುದೇ ಬೇಡ.

ಇದಕ್ಕೆ ನಾನು ಮೊದಲು ಹಾಕಿ ನೋಡುವುದು ಟಿಎಲ್062. ಎಲ್‌ಎಫ್‌ಒ, ಅಂದರೆ ಸದ್ದನ್ನು ಆಡಿಸುವ ಆ ನಿಧಾನ ಅಲೆಯನ್ನು ಹುಟ್ಟಿಸುವ ಸರ್ಕ್ಯೂಟ್, ಅದರ ಜಾಗಕ್ಕೆ ಕಣ್ಣು ಮುಚ್ಚಿಕೊಂಡು ಹಾಕಬಹುದಾದ ಚಿಪ್ ಇದು.

ಟಿಕ್ ಎಲ್ಲಿಂದ ಬರುತ್ತದೆ ಅಂದರೆ, ಎಲ್‌ಎಫ್‌ಒ ಒಳಗೆ ಸಾಮಾನ್ಯವಾಗಿ ಎರಡು ಆಪ್-ಆಂಪ್ (ಚಿಪ್ ಒಳಗಿನ ಪುಟ್ಟ ಆಂಪ್ಲಿಫೈಯರ್) ಇರುತ್ತವೆ, ಒಂದು ತ್ರಿಕೋನ ಅಲೆಗೆ, ಇನ್ನೊಂದು ಚೌಕ ಅಲೆಗೆ. ಚೌಕ ಅಲೆ ಮೇಲಿಂದ ಕೆಳಗೆ ಬೀಳುವಾಗ, ಕೆಳಗಿಂದ ಮೇಲೆ ಹಾರುವಾಗ ಚಿಪ್ ಎಳೆಯುವ ಕರೆಂಟ್ ಥಟ್ಟನೆ ಬದಲಾಗುತ್ತದೆ, 9 ವೋಲ್ಟ್ ಲೈನ್ ಒಂದು ಚೂರು ಅಲುಗುತ್ತದೆ, ಅದೇ ಲೈನ್‌ಗೆ ಆಡಿಯೊ ಭಾಗವೂ ಸೇರಿಕೊಂಡಿರುವುದರಿಂದ ಆ ಅಲುಗಾಟ ನೇರವಾಗಿ ಸ್ಪೀಕರ್‌ಗೆ ಬರುತ್ತದೆ. ಬ್ಯಾಟರಿ ಹಳೆಯದಾದಷ್ಟೂ ಟಿಕ್ ಜಾಸ್ತಿಯಾಗುವುದು ಇದಕ್ಕೇ: ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಏರಿರುತ್ತದೆ.

ಎಲ್ಲರ ಡಬ್ಬಿಯಲ್ಲೂ ಇರುವ ಟಿಎಲ್072 ಒಂದೊಂದು ಆಪ್-ಆಂಪ್‌ಗೆ ಸುಮಾರು 1.4 ಮಿಲಿಆಂಪ್ ತಿನ್ನುತ್ತದೆ. ಟಿಎಲ್062ಗೆ 0.2 ಮಿಲಿಆಂಪ್ ಸಾಕು. ಅಲೆಯ ಅಂಚು ಏರಿಳಿಯುವ ವೇಗವೂ ಕಡಿಮೆ. ಎರಡರ ಕಾಲುಗಳೂ ಒಂದೇ ಕ್ರಮದಲ್ಲಿವೆ. ಸಾಕೆಟ್ ಹಾಕಿದ್ದರೆ ಹಳೆಯದನ್ನು ಕಿತ್ತು ಇದನ್ನು ಕೂರಿಸಿದರೆ ಆಯಿತು, ಬೆಸುಗೆ ಕೆಲಸವೇ ಇಲ್ಲ.

ಆದರೆ ಬರೀ ಚಿಪ್ ಬದಲಿಸಿ ಪೂರ್ತಿ ನಿಶ್ಶಬ್ದ ಆಗಲಿ ಅಂದರೆ ಎಷ್ಟೋ ಸಲ ಆಗುವುದಿಲ್ಲ. ಚಿಪ್‌ನ 8ನೇ ಕಾಲಿಗೆ ಬರುವ ಸಪ್ಲೈ ದಾರಿಯಲ್ಲಿ 100 ಓಮ್ ರೆಸಿಸ್ಟರ್ ಹಾಕಿ, ಆ ಕಾಲಿನ ಪಕ್ಕದಲ್ಲೇ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡಿ. ಸುಮಾರು 16 ಹರ್ಟ್ಜ್‌ಗಿಂತ ಮೇಲಿನದೆಲ್ಲ ಅಲ್ಲೇ ತಗ್ಗುತ್ತದೆ, ಟಿಕ್‌ನ ಚೂಪು ಇರುವುದೇ ಆ ಮೇಲಿನ ಭಾಗದಲ್ಲಿ. ಎಲ್‌ಎಫ್‌ಒ ಗ್ರೌಂಡ್ ವೈರ್ ಬೇರೆಯಾಗಿ ಪವರ್ ಜ್ಯಾಕ್ ತನಕ ಹೋಗಲಿ. ಚಿಪ್, ರೆಸಿಸ್ಟರ್, ಕೆಪಾಸಿಟರ್, ಗ್ರೌಂಡ್ ಇಷ್ಟೂ ಸೇರಿದಾಗ ಬರುವ ವ್ಯತ್ಯಾಸ ನಿಜಕ್ಕೂ ಖುಷಿ ಕೊಡುತ್ತದೆ. ಎರಡು ಸ್ವರಗಳ ನಡುವೆ ಖಾಲಿ ಅಂದರೆ ಖಾಲಿ.

ಇನ್ನೊಂದು ವಿಷಯ. ಎಫೆಕ್ಟ್ ಎಷ್ಟು ಗಾಢವಾಗಿರಬೇಕು ಅಂತ ಹೊಂದಿಸುವ ಡೆಪ್ತ್ ನಾಬ್ ಸೊನ್ನೆಗೆ ಇಳಿಸಿ ಕೇಳಿ. ಆಗಲೂ ಟಿಕ್ ಇದ್ದರೆ ಅದು ಸಪ್ಲೈ ಅಥವಾ ವೈರಿಂಗ್‌ನದ್ದು, ಮೇಲೆ ಹೇಳಿದ್ದು ಕೆಲಸ ಮಾಡುತ್ತದೆ. ಡೆಪ್ತ್ ಜೊತೆಗೇ ಟಿಕ್ ಹೋದರೆ ಹೆಚ್ಚಾಗಿ ಚೌಕ ಅಲೆಯ ಅಂಚೇ ಆಡಿಯೊ ಒಳಗೆ ನುಗ್ಗುತ್ತಿದೆ ಅಂತ ಅರ್ಥ. ಅದಕ್ಕೆ ಸುಮ್ನೆ ಚಿಪ್ ಬದಲಿಸಿ ಪ್ರಯೋಜನ ಇಲ್ಲ, ಅಂಚನ್ನು ಸ್ವಲ್ಪ ದುಂಡಗೆ ಮಾಡಬೇಕು. ಆ ಅಲೆ ಹೋಗುವ ದಾರಿಯಲ್ಲಿ 10 ಕಿಲೋಓಮ್ ರೆಸಿಸ್ಟರ್, ಅದರಾಚೆ ಗ್ರೌಂಡ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಇಲ್ಲಿಂದ ಶುರು ಮಾಡಿ.

ಟಿಎಲ್062ನಲ್ಲಿ ಕೊರತೆಗಳೂ ಇವೆ. ಇದರ ಸ್ವಂತ ನಾಯ್ಸ್ ಟಿಎಲ್072ಗಿಂತ ಎರಡು ಪಟ್ಟಿಗೂ ಜಾಸ್ತಿ. ಹಾಗಾಗಿ ಗಿಟಾರ್ ಸಿಗ್ನಲ್ ಹಾಯುವ ದಾರಿಯಲ್ಲಿ ಇದು ಬೇಡವೇ ಬೇಡ, ಅಲ್ಲಿ ಒಂದಷ್ಟು ಹಿಸ್ (ಸುಯ್ ಅನ್ನುವ ಸದ್ದು) ಸೇರುತ್ತದೆ. ಒಂದೇ ಚಿಪ್‌ನ ಅರ್ಧ ಎಲ್‌ಎಫ್‌ಒಗೆ, ಇನ್ನರ್ಧ ಆಡಿಯೊಗೆ ಹಂಚುವ ಲೇಔಟ್ ಕಂಡರೆ ಬಿಟ್ಟುಬಿಡಿ. ಎಲ್‌ಇಡಿಯನ್ನು ನೇರವಾಗಿ ಓಡಿಸುವ ಶಕ್ತಿಯೂ ಇದಕ್ಕೆ ಕಡಿಮೆ, ನಡುವೆ ಒಂದು ಟ್ರಾನ್ಸಿಸ್ಟರ್ ಹಾಕಿ. ಆ ಎಲ್‌ಇಡಿಯ ಕರೆಂಟನ್ನು ಆಡಿಯೊ ಭಾಗದ ಲೈನ್‌ನಿಂದ ಕೊಡಬೇಡಿ, ಪವರ್ ಜ್ಯಾಕ್‌ನಿಂದಲೇ ಬೇರೆ ವೈರ್ ಎಳೆಯಿರಿ, ಇಲ್ಲದಿದ್ದರೆ ಓಡಿಸಿದ ಟಿಕ್ ಈ ಕಡೆಯಿಂದ ವಾಪಸ್ ಬರುತ್ತದೆ.