ರುಬ್ಬುವ ಯಂತ್ರವೂ ಪಠ್ಯವಾಗುವ ತರಗತಿ: ‘ಲಿಂಗತ್ವ ಮತ್ತು ತಂತ್ರಜ್ಞಾನ’ ಐಚ್ಛಿಕ ಪತ್ರಿಕೆಯ ವಿಮರ್ಶೆ

ಬೆಂಗಳೂರಿನ ಕಾಲೇಜೊಂದರಲ್ಲಿ ಕಳೆದ ಸೆಮಿಸ್ಟರ್‌ನಲ್ಲಿ ನಾನು ಮುಕ್ತ ಐಚ್ಛಿಕ ವಿಷಯವಾಗಿ ‘ಲಿಂಗತ್ವ ಮತ್ತು ತಂತ್ರಜ್ಞಾನ’ ಪತ್ರಿಕೆಯನ್ನು ತೆಗೆದುಕೊಂಡಿದ್ದೆ. ಕಲಾ, ವಿಜ್ಞಾನ, ವಾಣಿಜ್ಯ ಮೂರೂ ವಿಭಾಗದವರಿಗೆ ತೆರೆದಿರುವ ಈ ಪತ್ರಿಕೆಯನ್ನು ಮುಂದಿನ ಸಾಲಿನಲ್ಲಿ ಆಯ್ದುಕೊಳ್ಳಬೇಕೆ ಎಂದು ಯೋಚಿಸುತ್ತಿರುವವರಿಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಖಂಡಿತ ಆಯ್ದುಕೊಳ್ಳಿ, ಆದರೆ ಸುಲಭವಾಗಿ ಅಂಕ ಸಿಗುತ್ತದೆಂಬ ಲೆಕ್ಕಾಚಾರದಿಂದ ಬೇಡ.

ಈ ತರಗತಿಯ ದೊಡ್ಡ ಗುಣವೆಂದರೆ ಅದು ಘೋಷಣೆಗಳಿಂದ ಶುರುವಾಗದೆ ಕೆಲಸದ ಚರಿತ್ರೆಯಿಂದ ಶುರುವಾಗುತ್ತದೆ. ಮೊದಲ ಘಟಕದಲ್ಲಿ 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೋಕಕ್ಕೆ ಪರಿಚಯಿಸಲಾದ ‘ಎನಿಯಾಕ್’ ಗಣಕಯಂತ್ರದ ಕಥೆ ಬರುತ್ತದೆ. ಅದಕ್ಕೆ ಪ್ರೋಗ್ರಾಂ ಸಿದ್ಧಪಡಿಸಿದ ಆರು ಮಂದಿಯೂ ಮಹಿಳೆಯರು. ತಂತಿಗಳನ್ನು ಎಲ್ಲಿಂದ ಎಲ್ಲಿಗೆ ಜೋಡಿಸಬೇಕೆಂಬುದನ್ನು ಯಂತ್ರದ ನಕ್ಷೆಗಳನ್ನು ಓದಿ ತಾವೇ ಕಂಡುಕೊಂಡ ಜೀನ್ ಬಾರ್ಟಿಕ್, ಬೆಟ್ಟಿ ಹೋಲ್ಬರ್ಟನ್ ಮೊದಲಾದವರಿಗೆ ಆ ಯಂತ್ರದ ಪ್ರದರ್ಶನದ ನಂತರ ನಡೆದ ಭೋಜನಕೂಟಕ್ಕೆ ಆಹ್ವಾನವೂ ಇರಲಿಲ್ಲ. ಯಂತ್ರ ಕಟ್ಟುವುದು ಪಾಂಡಿತ್ಯ, ಅದನ್ನು ನಡೆಸುವುದು ಗುಮಾಸ್ತಿಕೆ ಎಂಬ ಆಗಿನ ಎಣಿಕೆಯೇ ಇದಕ್ಕೆ ಕಾರಣವೆಂದು ವಿವರಿಸಿದ ನಮ್ಮ ಅಧ್ಯಾಪಕಿ, ಒಂದು ಕೆಲಸವನ್ನು ‘ಕುಶಲ’ವೆಂದು ಕರೆಯುವವರು ಯಾರು ಎಂಬ ಪ್ರಶ್ನೆಯನ್ನು ಸೆಮಿಸ್ಟರ್ ಪೂರ್ತಿ ಕೈಬಿಡಲಿಲ್ಲ.

ಮುಖ ಗುರುತಿಸುವ ತಂತ್ರಾಂಶಗಳ ಘಟಕವೂ ಚೆನ್ನಾಗಿದೆ. ಸಂಶೋಧಕಿಯರಾದ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಮಾರುಕಟ್ಟೆಯಲ್ಲಿದ್ದ ಮೂರು ವ್ಯವಸ್ಥೆಗಳನ್ನು ಪರೀಕ್ಷಿಸಿದಾಗ, ಬಿಳಿ ಬಣ್ಣದ ಪುರುಷರ ಲಿಂಗವನ್ನು ಗುರುತಿಸುವುದರಲ್ಲಿ ಹೆಚ್ಚೆಂದರೆ ಶೇ 0.8ರಷ್ಟು ತಪ್ಪುಗಳಾದರೆ, ಕಪ್ಪು ಬಣ್ಣದ ಮಹಿಳೆಯರ ವಿಷಯದಲ್ಲಿ ಅದು ಶೇ 34.7ರವರೆಗೂ ಹೋಗಿತ್ತು. ಈ ತಂತ್ರಾಂಶಗಳಿಗೆ ಮುಖ ಗುರುತಿಸಲು ಕಲಿಸುವಾಗ ಬಳಸುವ ಚಿತ್ರಗಳಲ್ಲಿ ಯಾರ ಮುಖಗಳು ಹೆಚ್ಚಿರುತ್ತವೆ ಎಂಬುದನ್ನು ವಿವರಿಸಿದ ರೀತಿ ಗಣಿತ ಗೊತ್ತಿಲ್ಲದವರಿಗೂ ತಿಳಿಯುವಂತಿತ್ತು.

ಆದರೆ ಈ ಪತ್ರಿಕೆಗೆ ಸೇರಲೇಬೇಕಾದ ಕಾರಣ ಅದರ ಕ್ಷೇತ್ರಕಾರ್ಯ. ಮನೆಯ ಒಂದು ವಸ್ತುವನ್ನು ಆರಿಸಿಕೊಂಡು, ಅದನ್ನು ಕೊಂಡವರು ಯಾರು, ಬಳಸುವವರು ಯಾರು, ತೊಳೆಯುವವರು ಯಾರು, ಕೆಟ್ಟರೆ ಬಿಚ್ಚುವವರು ಯಾರು ಎಂದು ಮನೆಯವರನ್ನೇ ಕೇಳಿ ಬರೆಯಬೇಕು. ನಮ್ಮ ತಂಡದ ಸಹಪಾಠಿಯೊಬ್ಬಳು ಗ್ರೈಂಡರ್ ಆರಿಸಿಕೊಂಡಳು. “ಒರಳಲ್ಲಿ ರುಬ್ಬುವಾಗ ಅತ್ತೆ ಹಿಟ್ಟು ದೂಡ್ತಿದ್ರು, ನಾನು ಗುಂಡು ತಿರುಗಿಸ್ತಿದ್ದೆ. ಗ್ರೈಂಡರ್ ಬಂದ್ಮೇಲೆ ಅದು ನನ್ನೊಬ್ಬಳ ಕೆಲಸ ಆಯ್ತು” ಎಂದರಂತೆ ಅವಳ ತಾಯಿ. ತೋಳಿನ ನೋವು ಕಡಿಮೆಯಾದದ್ದು ನಿಜ. ಆದರೆ ಹಬ್ಬಕ್ಕೋ ಭಾನುವಾರಕ್ಕೋ ಆಗುತ್ತಿದ್ದ ದೋಸೆ ವಾರದಲ್ಲಿ ನಾಲ್ಕು ದಿನ ಆಗತೊಡಗಿತು, ಪ್ರತಿ ಸಲವೂ ಕಲ್ಲನ್ನು ಎತ್ತಿ ತೊಳೆಯುವ ಕೆಲಸ ಬೇರೆ. ಬೆಲ್ಟ್ ಬದಲಾಯಿಸುವ ತಂದೆಗೆ ಮನೆಯಲ್ಲಿ ‘ಮೆಕ್ಯಾನಿಕ್’ ಎಂಬ ಮರ್ಯಾದೆ ಇದೆ. ಉದ್ದು ಹದವಾಗಿದೆಯೆಂದು ಸದ್ದಿನಿಂದಲೇ ಹೇಳಬಲ್ಲ ತಾಯಿಯದು ಮಾತ್ರ ಬರಿಯ ಅಭ್ಯಾಸ. ಅಮೆರಿಕದ ಮನೆಗಳ ಬಗ್ಗೆ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಇದೇ ಬಗೆಯ ವಾದವನ್ನು, ಅಂದರೆ ಯಂತ್ರಗಳು ಬಂದರೂ ಹೆಂಗಸರ ಮನೆಗೆಲಸ ಕಡಿಮೆಯಾಗಲಿಲ್ಲವೆಂಬ ವಾದವನ್ನು, ಮಂಡಿಸಿದ್ದರೆಂದು ಅಧ್ಯಾಪಕಿ ಹೇಳಿದ್ದು ನಮ್ಮ ವರದಿಗಳನ್ನೆಲ್ಲ ಓದಿ ಮುಗಿಸಿದ ಮೇಲೆ. ಆ ಕ್ರಮ ನನಗೆ ಬಹಳ ಹಿಡಿಸಿತು.

ಇನ್ನೊಂದು ತಂಡ ಮೊಬೈಲ್ ಫೋನನ್ನು ಆರಿಸಿಕೊಂಡಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಪುರುಷರು ಶೇ 57.1, ಮಹಿಳೆಯರು ಶೇ 33.3. ‘ಗೃಹಲಕ್ಷ್ಮಿ’ಯ 2,000 ರೂಪಾಯಿ ಯಜಮಾನಿಯ ಖಾತೆಗೆ ಜಮೆಯಾದರೂ ಬ್ಯಾಂಕಿನ ಸಂದೇಶ ಯಾರ ಫೋನಿಗೆ ಬರುತ್ತದೆ ಎಂಬ ಆ ತಂಡದ ಪ್ರಶ್ನೆಗೆ ತರಗತಿಯ ಹಲವರು ತಂತಮ್ಮ ಮನೆಗಳ ಉತ್ತರ ಕೊಟ್ಟರು; ಹೆಚ್ಚಿನವು ಮಗನ ಇಲ್ಲವೇ ಗಂಡನ ನಂಬರಾಗಿದ್ದವು.

ಕೊರತೆಗಳೂ ಇವೆ. ಓದಬೇಕಾದ ಲೇಖನಗಳೆಲ್ಲವೂ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಿಂದ ಬಂದವರು ಕ್ಷೇತ್ರಕಾರ್ಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆದು, ಓದಿನ ಚರ್ಚೆಯಲ್ಲಿ ಮೌನವಾಗಿ ಕುಳಿತದ್ದನ್ನು ನೋಡಿ ಬೇಸರವಾಯಿತು. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ತಂತ್ರಜ್ಞಾನವನ್ನು ಕಲಿಸಿ, ಸಂಶೋಧಿಸಿದ ರಾಜೇಶ್ವರಿ ಚಟರ್ಜಿಯವರ ಹೆಸರಾಗಲಿ, ಎಚ್‌ಎಂಟಿ ಕೈಗಡಿಯಾರಗಳ ಸೂಕ್ಷ್ಮ ಬಿಡಿಭಾಗಗಳನ್ನು ಜೋಡಿಸಿದ ಮಹಿಳೆಯರ ಪ್ರಸ್ತಾಪವಾಗಲಿ ಪಠ್ಯಕ್ರಮದಲ್ಲಿ ಎಲ್ಲೂ ಇಲ್ಲ. ಸರ್ವೋಚ್ಚ ನ್ಯಾಯಾಲಯ 2014ರಲ್ಲೇ ತೃತೀಯ ಲಿಂಗವನ್ನು ಮಾನ್ಯ ಮಾಡಿದೆ. ಆದರೆ ಈ ಪತ್ರಿಕೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ವಿಷಯಕ್ಕೆ ಸಿಕ್ಕಿದ್ದು ಒಂದೇ ಒಂದು ತರಗತಿ.

ಎಲ್ಲಕ್ಕಿಂತ ನಿರಾಸೆ ತಂದದ್ದು ಅಂತಿಮ ಪರೀಕ್ಷೆ. ಇಷ್ಟೆಲ್ಲ ನೋಡಿ, ಕೇಳಿ, ವಾದಿಸಿ ಕಲಿತವರಿಗೆ ‘ಡಿಜಿಟಲ್ ಕಂದಕ ಎಂದರೇನು?’ ಎಂಬಂಥ ಪ್ರಶ್ನೆಗಳನ್ನು ಕೊಟ್ಟು ವ್ಯಾಖ್ಯೆ ಬರೆಸುವುದು ಅನ್ಯಾಯ. ಕ್ಷೇತ್ರಕಾರ್ಯದ ಅಂಕಗಳನ್ನು ಹೆಚ್ಚಿಸಿ ಲಿಖಿತ ಪರೀಕ್ಷೆಯ ಅಂಕಗಳನ್ನು ತಗ್ಗಿಸಬೇಕೆಂದು ನಾವು ಬರೆದುಕೊಟ್ಟಿದ್ದೇವೆ. ಈ ಪತ್ರಿಕೆಗೆ ಸೇರುವವರು ಮೊದಲ ವಾರದಲ್ಲೇ ವಸ್ತುವನ್ನು ಆರಿಸಿಕೊಂಡು ಊರಿಗೆ ಹೋದಾಗಲೆಲ್ಲ ಎದುರು ಕುಳಿತು ಮಾತಾಡಿಸಲಿ. ಕೊನೆಯ ವಾರದಲ್ಲಿ ಫೋನಿನಲ್ಲಿ ಕೇಳಿದರೆ ಅಮ್ಮಂದಿರು “ಚೆನ್ನಾಗೇ ಇದೆ ಬಿಡು, ಏನಾಗ್ಬೇಕು ಅದಕ್ಕೆ” ಎಂದಷ್ಟೇ ಹೇಳುತ್ತಾರೆ.