ಮಂಗಳವಾರದ ಮನೋಚೈತನ್ಯ ಕ್ಲಿನಿಕ್: ಮಾತ್ರೆ ಸಿಗುತ್ತದೆ, ಮುಂದಿನ ದಾರಿ ನಾವೇ ಹಿಡಿಯಬೇಕು

ಮಾನಸಿಕ ಕಾಯಿಲೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಚಿಕಿತ್ಸೆ ಕೊಡಬಹುದು ಎಂದು ದೇಶಕ್ಕೆ ತೋರಿಸಿದ್ದು ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಇಲ್ಲಿನ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಆ ಬೇರಿನದೇ ಚಿಗುರು. ಔಷಧದ ಮಟ್ಟಿಗೆ ಇದು ಒಳ್ಳೆಯ ಸೇವೆ. ಅದರಾಚೆಗೆ ಅರ್ಧ ದಾರಿಯಲ್ಲೇ ಕೈಬಿಡುತ್ತದೆ.

ಹೋಗುವಾಗ ಹಳೇ ಚೀಟಿಗಳನ್ನೂ ಬಿಪಿ, ಶುಗರ್, ಕೀಲುನೋವಿನ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ರೋಗಿಯ ಜೊತೆ ಒಂದೇ ಮನೆಯಲ್ಲಿರುವವರು ಹೋಗಬೇಕು. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಗುಣ ತೋರಿಸಲು 2ರಿಂದ 4 ವಾರ ಬೇಕು, ಬಹಳ ಮಂದಿ ಹತ್ತನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ಭ್ರಮೆಯ ಕಾಯಿಲೆಗಳಿಗೆ ಕೊಡುವ ರಿಸ್ಪೆರಿಡೋನ್‌ನಿಂದ ಕೈಕಾಲು ಬಿಗಿದರೆ, ನಡುಗಿದರೆ ವೈದ್ಯರಿಗೆ ಹೇಳಿ. ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಬಿಗಿತ ತಗ್ಗಿಸುವ ಟ್ರೈಹೆಕ್ಸಿಫೆನಿಡಿಲ್ ಸೇರಿಸುತ್ತಾರೆ.

ನಮ್ಮ ಬಿಸಿಲಿನ ಸೀಮೆಯಲ್ಲಿ ಮನಸ್ಸಿನ ವಿಪರೀತ ಏರಿಳಿತದ (ಬೈಪೋಲಾರ್) ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರ ಬಗ್ಗೆ ಹೆಚ್ಚು ಎಚ್ಚರ ಬೇಕು. ಏಪ್ರಿಲ್, ಮೇನಲ್ಲಿ ಹೊಲದಲ್ಲಿ ಬೆವರಿ ಮೈಯ ನೀರು, ಉಪ್ಪು ಕಳೆದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ತೊದಲುವುದು, ನಡೆಯುವಾಗ ತೂರಾಡುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಂಡಿನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಇದೇ ಅಪಾಯ ತರುತ್ತವೆ. ಲಿಥಿಯಂ ಮಟ್ಟದ ರಕ್ತ ಪರೀಕ್ಷೆಗೆ ಕೊನೆಯ ಮಾತ್ರೆ ನುಂಗಿ 12 ತಾಸು ಆಗಿರಬೇಕು. ಬೆಳಗಿನ ಮಾತ್ರೆ ನುಂಗಿ ಹೋದರೆ ಲೆಕ್ಕ ತಪ್ಪುತ್ತದೆ.

ಗುಳೆ ಹೋಗುವ ಮನೆಗಳಲ್ಲಿ ಚಿಕಿತ್ಸೆ ತುಂಡಾಗುವುದು ಇನ್ನೊಂದು ತೊಡಕು. ದೇವದುರ್ಗ, ಕುಷ್ಟಗಿ ಕಡೆಯಿಂದ ಬೆಂಗಳೂರಿಗೆ ಹೊರಡುವ ಮುಂಚಿನ ಮಂಗಳವಾರವೇ ವೈದ್ಯರಿಗೆ ತಿಳಿಸಿ. ಔಷಧದ ಮೂಲ ಹೆಸರು, ಪ್ರಮಾಣ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಿ. ವಾರಗಟ್ಟಲೆ ಕೆಲಸ ಮಾಡುವ ಫ್ಲೂಫೆನಜಿನ್ ಸೂಜಿ ಹಾಕಿಸಿಕೊಳ್ಳುವವರಿಗೆ ಮುಂದಿನ ತಾರೀಖು ಮುಖ್ಯ, ಅದು ಸಾಮಾನ್ಯವಾಗಿ 2ರಿಂದ 4 ವಾರಕ್ಕೊಮ್ಮೆ. ದಾರಿ ಕಾಣದಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ: ಪುಕ್ಕಟೆ, ಹಗಲು ರಾತ್ರಿ, ಕನ್ನಡದಲ್ಲೇ.

ಸೇವೆ ಸೋಲುವುದು ಆಸ್ಪತ್ರೆಯ ಗೇಟು ದಾಟಿದ ಮೇಲೆ. ದೀರ್ಘಕಾಲದ ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಅಂಗವೈಕಲ್ಯವೇ. ಇದನ್ನು ಅಳೆಯುವ ಐಡಿಯಾಸ್ ಪಟ್ಟಿ ಸ್ವಂತ ಆರೈಕೆ, ಜನರೊಡನೆ ಬೆರೆಯುವುದು, ಮಾತು ಮತ್ತು ಗ್ರಹಿಕೆ, ಕೆಲಸ ಈ ನಾಲ್ಕಕ್ಕೂ 0ರಿಂದ 4 ಅಂಕ ಕೊಡುತ್ತದೆ. ಕಾಯಿಲೆಯ ಅವಧಿಗೂ ಅಂಕ ಸೇರುತ್ತದೆ. ಒಟ್ಟು 7 ಮುಟ್ಟಿದರೆ ಶೇ 40 ಅಂಗವೈಕಲ್ಯ ಎಂದು ಲೆಕ್ಕ. "ಎಲ್ಲಾ ಮಾಡ್ತೀನ್ರಿ ಸರ್" ಎಂದು ರೋಗಿ ಅಂದುಬಿಟ್ಟರೆ ಅಂಕ ಕುಸಿಯುತ್ತದೆ. ವಾರಕ್ಕೆ ಎಷ್ಟು ಸಲ ಹೇಳಿದ ಮೇಲೆ ಸ್ನಾನ ಮಾಡಿದ, ತಿಂಗಳಲ್ಲಿ ಎಷ್ಟು ದಿನ ಕೂಲಿಗೆ ಹೋದ ಎಂದು ಮನೆಯವರು ಬರೆದೊಯ್ಯಬೇಕು.

ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಆದಮೇಲೆ ಪಿಂಚಣಿಗೆ ನಾಡಕಚೇರಿ. ಎರಡಕ್ಕೂ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗಬಲ್ಲರು. ಆದರೆ ಆಸ್ಪತ್ರೆಯ ಚೀಟಿ ಅವರ ಕೈಗೆ ತಾನಾಗಿ ಬರುವುದಿಲ್ಲ. ರೋಗಿ ಒಪ್ಪಿದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಮಾಜ ಕಾರ್ಯಕರ್ತರು ಔಷಧ, ಮುಂದಿನ ತಾರೀಖು, ಕಾರ್ಡಿನ ಹಂತ ಬರೆದ ಒಂದು ಹಾಳೆಯನ್ನು ಅವರಿಗೂ ಆಶಾ ಕಾರ್ಯಕರ್ತೆಗೂ ಕಳಿಸಬಹುದು. ಇಷ್ಟು ಸಣ್ಣ ಕೆಲಸವನ್ನು ಕ್ಲಿನಿಕ್ ತನ್ನ ಪದ್ಧತಿಯಾಗಿ ಮಾಡಿಕೊಳ್ಳಲೇಬೇಕು.

ವಿಷ ಸೇವಿಸಿ ಬದುಕುಳಿದವರ ವಿಷಯದಲ್ಲಿ ಈ ಕೊಂಡಿ ಇನ್ನೂ ಅಗತ್ಯ. ಹೊಟ್ಟೆ ತೊಳೆದು, ಡ್ರಿಪ್ ಹಾಕಿ ಮನೆಗೆ ಕಳಿಸಿದರೆ ಚಿಕಿತ್ಸೆ ಮುಗಿಯಲಿಲ್ಲ. ಕೇಸಾಗುತ್ತದೆಂದು ಹೆದರಿ ಮನೆಯವರೇ ವಿಷಯ ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಅಂಥವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದೇ ನೋಡುತ್ತದೆ, ಅವರ ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಮಂಗಳವಾರದ ತಾರೀಖು ಇಲ್ಲದಿದ್ದರೆ ವಾರ್ಡ್ ಬಿಡುವ ಮುನ್ನ ಕೇಳಿ ಬರೆಸಿಕೊಳ್ಳಿ. ಮನೆಯಲ್ಲಿ ಉಳಿದ ಬೆಳೆಯ ಎಣ್ಣೆಯ, ಅಂದರೆ ಕೀಟನಾಶಕದ ಡಬ್ಬಿಗಳನ್ನು ಅಂದೇ ಬೇರೆಯವರ ಸುಪರ್ದಿಗೆ ಸಾಗಿಸಿ.