ಗ್ರೈಂಡರ್ ಪಕ್ಕ ಕೂತು ಬಳಸಿ ನೋಡಿದ ಕೆಲಸದ ಪಟ್ಟಿಗಳು: ಗೂಗಲ್ ಟಾಸ್ಕ್ಸ್, ಮೈಕ್ರೋಸಾಫ್ಟ್ ಟು ಡು, ಟುಡೂಯಿಸ್ಟ್, ಬ್ರೈಲ್ ಕಾರ್ಡು

ಚಿಕ್ಕಮಗಳೂರಿನಲ್ಲಿ ನನ್ನದೊಂದು ಕಾಫಿ ಪುಡಿ ಅಂಗಡಿ ಇದೆ. ಬೀಜ ಹುರಿದು, ಪುಡಿ ಮಾಡಿ, ಚಿಕೋರಿ ಬೆರೆಸಿ ಕೊಡುವ ಕೆಲಸ. ನನಗೆ ಎರಡೂ ಕಣ್ಣು ಕಾಣುವುದಿಲ್ಲ. ಹುರಿದ ಹದ ಮೂಗಿಗೆ ಗೊತ್ತಾಗುತ್ತದೆ. ಪುಡಿ ಎಷ್ಟು ನುಣ್ಣಗಿದೆ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಕಷ್ಟ ಇರುವುದೆಲ್ಲ ನೆನಪಿಟ್ಟುಕೊಳ್ಳುವುದರಲ್ಲಿ. ಯಾರಿಗೆ 80:20, ಯಾರಿಗೆ 70:30, ಯಾರಿಗೆ ಚಿಕೋರಿ ಬೇಡವೇ ಬೇಡ, ಯಾವ ಪೊಟ್ಟಣ ಯಾವ ಬಸ್ಸಿಗೆ, ಯಾರ ಬಾಕಿ ಎಷ್ಟು.

ಹೋದ ಡಿಸೆಂಬರ್‌ನಲ್ಲಿ ಒಂದು ಶುಕ್ರವಾರ ಆಲ್ದೂರು ಕಡೆಯ ಹೋಂಸ್ಟೇ ಒಂದಕ್ಕೆ ಐದು ಕೆಜಿ ಪುಡಿ ಸಂಜೆ ಬಸ್ಸಿಗೆ ಹಾಕಬೇಕಿತ್ತು. ಫೋನಿನ ಒಂದು ಆ್ಯಪ್‌ನಲ್ಲಿ ಬರೆದಿದ್ದೆ. ನಾಲ್ಕು ಗಂಟೆಗೆ ನೆನಪಿಸು ಅಂತಲೂ ಹಾಕಿದ್ದೆ. ಅದು ನೆನಪಿಸಲೇ ಇಲ್ಲ. ಶನಿವಾರ ಬೆಳಿಗ್ಗೆ ಆ ಮನೆಯಾಕೆಯ ಫೋನು. “ಅಣ್ಣಾ, ರೂಮೆಲ್ಲ ತುಂಬಿದೆ. ಬೆಳಗಿನ ಕಾಫಿಗೇ ಪುಡಿ ಇಲ್ಲ, ಏನ್ಮಾಡ್ಲಿ?” ಅಂದರು. ನನಗೆ ಮಾತೇ ಹೊರಡಲಿಲ್ಲ. ಆಟೋದಲ್ಲಿ ಕಳಿಸಿಕೊಟ್ಟೆ.

ಆಮೇಲೆ ಕೂತು ಹುಡುಕಿದಾಗ ಗೊತ್ತಾಯಿತು. ಆ ಆ್ಯಪ್‌ನಲ್ಲಿ ಕೆಲಸಗಳೆಲ್ಲ ಬಣ್ಣದ ಕಾರ್ಡುಗಳು. ಕಣ್ಣಿದ್ದವರು ಬೆರಳಲ್ಲಿ ಎಳೆದು ಒಂದು ಸಾಲಿನಿಂದ ಇನ್ನೊಂದಕ್ಕೆ ಹಾಕುತ್ತಾರೆ. ನನಗೆ ಕೇಳಿಸುತ್ತಿದ್ದದ್ದು ಬರೀ “ಹೆಸರಿಲ್ಲದ ಬಟನ್, ಹೆಸರಿಲ್ಲದ ಬಟನ್”. ಗುರುವಾರ ಅಂಥದ್ದೊಂದು ಬಟನ್ ತಟ್ಟಿದ್ದೆ. ಕಾರ್ಡು ‘ಮುಗಿದದ್ದು’ ಸಾಲಿಗೆ ಹೋಗಿ ಕೂತಿತ್ತು. ಆ್ಯಪ್ ತುಟಿ ಪಿಟಕ್ ಅಂದಿರಲಿಲ್ಲ.

ಅವತ್ತೇ ತೀರ್ಮಾನ ಮಾಡಿದೆ. ಇನ್ನು ಮೇಲೆ ಆ್ಯಪ್ ಆರಿಸುವಾಗ ಅದರಲ್ಲಿ ಏನೇನಿದೆ ಅಂತ ಮೊದಲು ಕೇಳುವುದಿಲ್ಲ. ನಾನು ಏನು ಮಾಡಿದೆನೋ ಅದನ್ನು ಅದು ನನಗೆ ವಾಪಸ್ ಹೇಳುತ್ತದಾ, ಅಷ್ಟನ್ನೇ ಮೊದಲು ನೋಡುತ್ತೇನೆ. ಜನವರಿಯಿಂದ ಒಂದೊಂದನ್ನೂ ಮೂರು ಮೂರು ವಾರ ಬಳಸಿದೆ. ಎಲ್ಲದರಲ್ಲೂ ಅದೇ ಕೆಲಸಗಳು: ಶುಕ್ರವಾರದ ಬಸ್ಸಿನ ಪೊಟ್ಟಣ, ತಿಂಗಳ 5ಕ್ಕೆ ಬಾಕಿ ವಸೂಲಿ, ಮನೆಗೆ ಬೇಕಾದ ಸಾಮಾನು. ಫೋನು ಆಂಡ್ರಾಯ್ಡ್, ಅದರಲ್ಲಿ ಟಾಕ್‌ಬ್ಯಾಕ್. ಮನೆಯ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ.

ಗೊತ್ತಿಲ್ಲದವರಿಗೆ ಎರಡು ಮಾತು. ಟಾಕ್‌ಬ್ಯಾಕ್ ಹಾಕಿದರೆ ಪರದೆಯ ಮೇಲೆ ಬೆರಳಿಟ್ಟ ಜಾಗದಲ್ಲಿ ಏನಿದೆಯೋ ಅದನ್ನು ಫೋನು ಓದಿ ಹೇಳುತ್ತದೆ. ಬೆರಳನ್ನು ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ, ಎರಡು ಸಲ ತಟ್ಟಿದರೆ ಅದನ್ನು ಒತ್ತಿದ ಹಾಗೆ. ಎನ್‌ವಿಡಿಎ ಕಂಪ್ಯೂಟರಿಗೆ. ಕಣ್ಣು ಕಾಣದ ಮೈಕಲ್ ಕರನ್ ಅನ್ನುವವರು 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರು ಮಾಡಿದ್ದು. ಇವತ್ತಿಗೂ ಅದಕ್ಕೆ ಒಂದು ರೂಪಾಯಿ ಕೊಡಬೇಕಿಲ್ಲ. ಇಂಥವರಿಂದಲೇ ನಾನು ಅಂಗಡಿ ನಡೆಸುತ್ತಿದ್ದೇನೆ.

ಮೊದಲು ಗೂಗಲ್ ಟಾಸ್ಕ್ಸ್. ಇದರ ದೊಡ್ಡ ಗುಣ ಅಂದರೆ ಹೆಚ್ಚು ಏನೂ ಇಲ್ಲದಿರುವುದು. ಪಟ್ಟಿ, ಪಟ್ಟಿಯೊಳಗೆ ಕೆಲಸ, ಕೆಲಸಕ್ಕೆ ದಿನ ಮತ್ತು ಹೊತ್ತು. ಬಲಕ್ಕೆ ಸವರುತ್ತಾ ಹೋದರೆ ಬೇಗ ಕೊನೆ ಸಿಗುತ್ತದೆ. ದಾರಿ ತಪ್ಪುವ ಭಯ ಇಲ್ಲ. ಮುಗಿಯಿತು ಅಂತ ಗುರುತು ಹಾಕಿದ ಕೂಡಲೇ ಕೆಳಗೆ ಒಂದು ಸಣ್ಣ ಸಂದೇಶ ಬರುತ್ತದೆ, ಪಕ್ಕದಲ್ಲೇ ಮಾಡಿದ್ದನ್ನು ವಾಪಸ್ ತೆಗೆಯುವ ‘ಅನ್‌ಡು’ ಬಟನ್ ಇರುತ್ತದೆ. ಇಂಥ ಸಂದೇಶಗಳು ಯಾವ ಆ್ಯಪ್‌ನಲ್ಲೇ ಆಗಲಿ ಸ್ವಲ್ಪ ಹೊತ್ತಿಗೆ ಮಾಯವಾಗುತ್ತವೆ. ಕಣ್ಣಿದ್ದವರು ಚಟಕ್ಕನೆ ಒತ್ತುತ್ತಾರೆ. ನಾವು ಸವರಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಅದು ಇರುವುದಿಲ್ಲ. ಇದಕ್ಕೊಂದು ಉಪಾಯ ಆಂಡ್ರಾಯ್ಡ್‌ನಲ್ಲೇ ಇದೆ. ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಟು ಟೇಕ್ ಆ್ಯಕ್ಷನ್’ ಅಂತ ಇರುತ್ತದೆ. ಅದನ್ನು 30 ಸೆಕೆಂಡಿಗೆ ಇಟ್ಟರೆ ಸಂದೇಶ ನಮಗಾಗಿ ಕಾಯುತ್ತದೆ. ನಮ್ಮಂಥವರು ಬೇರೇನು ಮಾಡದಿದ್ದರೂ ಇದೊಂದನ್ನು ಇವತ್ತೇ ಬದಲಿಸಿಕೊಳ್ಳಿ. ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಕಷ್ಟ ತಪ್ಪುತ್ತಿತ್ತು.

ದಿನ ಆರಿಸಲು ಇದರಲ್ಲಿ ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ. ಮನೆಯಲ್ಲಿ ಕೂತು ಮಾಡಲು ತೊಂದರೆ ಇಲ್ಲ. ಅಂಗಡಿಯಲ್ಲಿ ಗಿರಾಕಿ ಎದುರು ನಿಂತಿರುವಾಗ ಒಂದೊಂದೇ ತಾರೀಕು ಸವರುತ್ತಾ ಹೋಗುವುದು ಉದ್ದ ಆಗುತ್ತದೆ. ಇನ್ನೊಂದು, ನನ್ನ ಪಟ್ಟಿಯನ್ನು ಮನೆಯವಳ ಜೊತೆ ಹಂಚಿಕೊಳ್ಳುವ ದಾರಿ ನಾನು ಬಳಸಿದಾಗ ಇರಲಿಲ್ಲ. ಒಬ್ಬರೇ ಇರುವವರಿಗೆ, ಹೊಸದಾಗಿ ಸ್ಮಾರ್ಟ್‌ಫೋನ್ ಹಿಡಿದವರಿಗೆ ನಾನು ಇದನ್ನೇ ಹೇಳುತ್ತೇನೆ.

ಮೈಕ್ರೋಸಾಫ್ಟ್ ಟು ಡು ನನಗೆ ಇಷ್ಟವಾಗಿದ್ದು ಒಂದು ಸದ್ದಿಗೆ. ಕೆಲಸ ಮುಗಿಯಿತು ಅಂತ ಗುರುತು ಹಾಕಿದರೆ ‘ಟಿಂಗ್’ ಅನ್ನುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹಾಕಿಕೊಳ್ಳಬಹುದು, ತೆಗೆಯಬಹುದು. ಬೇರೆಯವರಿಗೆ ಇದು ಸುಮ್ನೆ ಒಂದು ಸದ್ದು. ನನಗೆ ಅದು ಉತ್ತರ. ಟಾಕ್‌ಬ್ಯಾಕ್ ಪೂರ್ತಿ ಸಾಲು ಓದುವ ಮೊದಲೇ ಆಯಿತು ಅಂತ ಗೊತ್ತಾಗುತ್ತದೆ. ಬೇಡದ ಜಾಗದಲ್ಲಿ ಬೆರಳು ತಾಗಿ ಟಿಂಗ್ ಅಂದರೆ ತಕ್ಷಣ ನಿಲ್ಲಿಸಿ ನೋಡುತ್ತೇನೆ. ಡಿಸೆಂಬರ್‌ನಲ್ಲಿ ಈ ಟಿಂಗ್ ಇದ್ದಿದ್ದರೆ ಆ ಪುಡಿ ಬಸ್ಸು ಹತ್ತುತ್ತಿತ್ತು.

ದಿನ ಆರಿಸುವುದೂ ಇಲ್ಲಿ ಸಲೀಸು. ಕ್ಯಾಲೆಂಡರ್ ತೆರೆಯುವ ಮೊದಲು ‘ಇವತ್ತು, ನಾಳೆ, ಮುಂದಿನ ವಾರ’ ಅಂತ ಮೂರು ಸಿದ್ಧ ಆಯ್ಕೆ ಕೊಡುತ್ತದೆ. ನನ್ನ ಕೆಲಸಗಳಲ್ಲಿ ಮುಕ್ಕಾಲು ಪಾಲು ನಾಳೆಯವೇ. ಒಂದು ವಿಷಯ ಮಾತ್ರ ಗಮನದಲ್ಲಿ ಇರಲಿ. ಇದರಲ್ಲಿ ‘ಡ್ಯೂ ಡೇಟ್’ ಬೇರೆ, ‘ರಿಮೈಂಡ್ ಮಿ’ ಬೇರೆ. ಬರೀ ಡ್ಯೂ ಡೇಟ್ ಹಾಕಿ ಹೊತ್ತಿಗೆ ಸರಿಯಾಗಿ ಫೋನು ಸದ್ದು ಮಾಡುತ್ತದೆ ಅಂತ ಕಾಯಬೇಡಿ. ಸದ್ದು ಬೇಕಿದ್ದರೆ ಎರಡನೆಯದನ್ನೂ ಹಾಕಬೇಕು.

‘ಮೈ ಡೇ’ ಅನ್ನುವ ಪಟ್ಟಿ ಪ್ರತಿ ರಾತ್ರಿ ಖಾಲಿಯಾಗುತ್ತದೆ. ಮುಗಿಯದ ಕೆಲಸ ಕಳೆದುಹೋಗುವುದಿಲ್ಲ, ತನ್ನ ಮೂಲ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಬೆಳಿಗ್ಗೆ ಷಟರ್ ಎತ್ತುವ ಮೊದಲು ಐದು ನಿಮಿಷ ಕೂತು ಇವತ್ತಿನದನ್ನಷ್ಟೇ ಆರಿಸಿ ಅದಕ್ಕೆ ಹಾಕುತ್ತೇನೆ. ಕಣ್ಣಿದ್ದವರು ನಲವತ್ತು ಕೆಲಸದ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿದರೆ ಮುಗಿಯಿತು. ನಾನು ನಲವತ್ತನ್ನೂ ಒಂದೊಂದಾಗಿ ಕೇಳಬೇಕು. ಏಳೆಂಟು ಇದ್ದರೆ ಕೇಳುವುದು ಎಷ್ಟು ಹಗುರ ಅಲ್ವಾ?

ಪಟ್ಟಿಯನ್ನು ಲಿಂಕ್ ಕಳಿಸಿ ಹಂಚಿಕೊಳ್ಳಬಹುದು. ನನ್ನ ಹೆಂಡತಿ ಮನೆಯಿಂದಲೇ ‘ಗ್ಯಾಸ್ ಬುಕ್ ಮಾಡಿ’ ಅಂತ ಸೇರಿಸುತ್ತಾಳೆ. ಮೊದಲೆಲ್ಲ ಫೋನ್ ಮಾಡಿ “ರೀ, ನೆನಪಿದೆಯಾ?” ಅಂತ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು. ಆ ಪ್ರಶ್ನೆ ನನಗೆ ಚುಚ್ಚುತ್ತಿತ್ತು. ಕಾಣುವುದಿಲ್ಲ ಅನ್ನುವುದಕ್ಕಿಂತ, ನೆನಪಿಗೂ ಇನ್ನೊಬ್ಬರು ಬೇಕಲ್ಲ ಅನ್ನುವುದು ಜಾಸ್ತಿ ಚುಚ್ಚುತ್ತಿತ್ತು. ಈಗ ಆ ಫೋನು ಬರುವುದಿಲ್ಲ.

ಟುಡೂಯಿಸ್ಟ್ ಬೇರೆಯೇ ಜಾತಿ. ಇದರಲ್ಲಿ ಬಟನ್ ಹುಡುಕುವ ಬದಲು ಬರೆದರೆ ಸಾಕು. ಕೆಲಸದ ಹೆಸರಿನ ಪಕ್ಕ ಇಂಗ್ಲಿಷ್‌ನಲ್ಲಿ ‘ಎವ್ರಿ ಫ್ರೈಡೇ 4 ಪಿಎಂ’ ಅಂತ ಟೈಪ್ ಮಾಡಿದರೆ ಪ್ರತಿ ಶುಕ್ರವಾರ ನಾಲ್ಕಕ್ಕೆ ಅಂತ ತಾನೇ ಅರ್ಥ ಮಾಡಿಕೊಳ್ಳುತ್ತದೆ. ‘ಪಿ1’ ಅಂತ ಸೇರಿಸಿದರೆ ಅದು ಎಲ್ಲಕ್ಕಿಂತ ಮುಖ್ಯದ ಕೆಲಸ. ಕಣ್ಣಿದ್ದವರಿಗೆ ಅಲ್ಲಿ ಕೆಂಪು ಬಾವುಟ ಕಾಣುತ್ತದೆ. ನನಗೆ ಬಣ್ಣದ ಗೊಡವೆಯೇ ಇಲ್ಲ, ಎರಡು ಅಕ್ಷರದಲ್ಲಿ ಕೆಲಸ ಆಯಿತು. ಲ್ಯಾಪ್‌ಟಾಪ್ ಮುಂದೆ ಕೂತು ವಾರದ ಕೆಲಸವನ್ನೆಲ್ಲ ಒಂದೇ ಸಲ ತುಂಬುವವರಿಗೆ ಇದರಷ್ಟು ವೇಗ ಬೇರೆಯದರಲ್ಲಿ ನನಗೆ ಸಿಗಲಿಲ್ಲ.

ಬ್ರೌಸರ್‌ನಲ್ಲಿ ಬಳಸುವವರು ಒಂದನ್ನು ತಿಳಿದಿರಬೇಕು. ಹೊಸ ಕೆಲಸ ಸೇರಿಸಲು ಟುಡೂಯಿಸ್ಟ್‌ನಲ್ಲಿ ಕ್ಯೂ ಕೀ. ಎನ್‌ವಿಡಿಎ ಬ್ರೌಸ್ ಮೋಡ್‌ನಲ್ಲಿದ್ದಾಗ, ಅಂದರೆ ಪುಟ ಓದುತ್ತಾ ತಿರುಗಾಡುವ ಸ್ಥಿತಿಯಲ್ಲಿದ್ದಾಗ, ಅದೇ ಕ್ಯೂ ಕೀ ಪುಟದಲ್ಲಿ ಉಲ್ಲೇಖದ ಭಾಗ ಹುಡುಕಲು ಓಡುತ್ತದೆ. ಎನ್‌ವಿಡಿಎ ಕೀ ಜೊತೆ ಸ್ಪೇಸ್ ಒತ್ತಿ, ಕೀಗಳು ನೇರ ಪುಟಕ್ಕೇ ತಲುಪುವ ಫೋಕಸ್ ಮೋಡ್‌ಗೆ ಬಂದರೆ ಸರಿಹೋಗುತ್ತದೆ. ನನಗೆ ಇದು ಹೊಳೆಯಲು ಎರಡು ದಿನ ಹಿಡಿಯಿತು.

ಆದರೆ ದಿನದ ಮಾತುಗಳು ಕನ್ನಡದಲ್ಲಿ ಅದಕ್ಕೆ ತಿಳಿಯುವುದಿಲ್ಲ. ಕೆಲಸದ ಹೆಸರು ಕನ್ನಡದಲ್ಲಿ ಬರೆಯಬಹುದು. ‘ಪ್ರತಿ ಶುಕ್ರವಾರ’ ಅಂದರೆ ಅದನ್ನೂ ಹೆಸರಿನ ಭಾಗ ಅಂದುಕೊಳ್ಳುತ್ತದೆ. ಒಂದೇ ಸಾಲಿಗೆ ಎರಡು ಸಲ ಕೀಬೋರ್ಡ್ ಬದಲಿಸಬೇಕು. ಇಂಗ್ಲಿಷ್ ಬಾರದ ಎಷ್ಟೋ ಜನ ಅಂಗಡಿಯವರಿಗೆ ಇದರ ಅರ್ಧ ಬಲ ಸಿಗುವುದಿಲ್ಲ. ದಿನದ ಮಾತು ಅರ್ಥ ಮಾಡಿಕೊಳ್ಳುವ ಈ ಸೌಲಭ್ಯ ಜಪಾನಿ, ಡೇನಿಶ್ ಭಾಷೆಗಳಿಗೆ ಸಿಕ್ಕ ಹಾಗೆ ಕನ್ನಡಕ್ಕೂ ಸಿಗಲಿ ಅಂತ ಮನಸಾರೆ ಬಯಸುತ್ತೇನೆ.

ಇನ್ನು ನಾಲ್ಕನೆಯದು. ಇದು ಆ್ಯಪ್ ಅಲ್ಲವಲ್ಲ ಅನ್ನಬಹುದು. ಗ್ರೈಂಡರ್ ಆನ್ ಮಾಡಿದರೆ ಮೇಲಿನ ಮೂರೂ ನನಗೆ ಕೇಳಿಸುವುದಿಲ್ಲ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿದರೆ ಗಿರಾಕಿ ಬಂದದ್ದು ತಿಳಿಯುವುದಿಲ್ಲ. ಒಂದೇ ಕಿವಿಗೆ ಹಾಕಿದರೆ ಎಪ್ಪತ್ತೋ ಎಂಬತ್ತೋ ಅನ್ನುವ ಗೊಂದಲ. ಮಳೆಗಾಲದಲ್ಲಿ ಕೈ ಒದ್ದೆ ಇದ್ದರೆ ಫೋನಿನ ಪರದೆ ಬೆರಳನ್ನು ಗುರುತಿಸುವುದೂ ಇಲ್ಲ. ಆ ಹೊತ್ತಿಗೆ ನನಗೆ ಆಗಿಬರುವುದು ಶಾಲೆಯಲ್ಲಿ ಕಲಿತ ಬ್ರೈಲ್.

ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಕಾಗದ ದಪ್ಪ, ಚುಕ್ಕಿ ಚೆನ್ನಾಗಿ ನಿಲ್ಲುತ್ತದೆ. ಸ್ಲೇಟು ಅನ್ನುವ ಕಿಂಡಿಗಳಿರುವ ಬ್ರೈಲ್ ಪಟ್ಟಿಯಲ್ಲಿ ಸಿಕ್ಕಿಸಿ, ಸ್ಟೈಲಸ್ ಅನ್ನುವ ಮೊನೆಯ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚಬೇಕು, ತಿರುಗಿಸಿದರೆ ಎಡದಿಂದ ಬಲಕ್ಕೆ ಓದಲು ಬರುತ್ತದೆ. ಒಂದು ಕಾರ್ಡಿಗೆ ಒಂದೇ ಆರ್ಡರ್: ಊರಿನ ಮೊದಲ ಅಕ್ಷರ, ಎಷ್ಟು ಕೆಜಿ, ಚಿಕೋರಿ ಎಷ್ಟು. ಗಲ್ಲಾ ಪಕ್ಕ ಎರಡು ತಗಡಿನ ಡಬ್ಬಿ. ಮಾಡಬೇಕಾದದ್ದು ಎಡಕ್ಕೆ, ಆದದ್ದು ಬಲಕ್ಕೆ. ಗ್ರೈಂಡರ್ ಎಷ್ಟೇ ಕಿರುಚಲಿ, ಬೆರಳು ಓದುತ್ತದೆ. ಎಡ ಡಬ್ಬಿಯಲ್ಲಿ ಕೈಯಾಡಿಸಿದರೆ ಇನ್ನೂ ಎಷ್ಟು ಉಳಿದಿದೆ ಅಂತ ಒಂದೇ ಕ್ಷಣಕ್ಕೆ ಗೊತ್ತಾಗುತ್ತದೆ. ಇದನ್ನು ಯಾವ ಆ್ಯಪ್ ಕೂಡ ನನಗೆ ಕೊಟ್ಟಿಲ್ಲ. ಕಾರ್ಡು ಹೊತ್ತಿಗೆ ಸರಿಯಾಗಿ ಸದ್ದು ಮಾಡುವುದಿಲ್ಲ, ಹೆಂಡತಿಗೆ ಓದಲು ಬರುವುದಿಲ್ಲ, ಮತ್ತೆ ಮತ್ತೆ ಮುಟ್ಟಿದರೆ ಚುಕ್ಕಿ ತಗ್ಗುತ್ತದೆ. ಅದಕ್ಕೇ ಇದೊಂದನ್ನೇ ನಂಬಿ ಕೂರಲು ಆಗುವುದಿಲ್ಲ.

ನನ್ನ ಅಕ್ಕನ ಮಗಳಿಗೆ ಸ್ವಲ್ಪ ಕಾಣುತ್ತದೆ. ಅವಳಿಗೂ ಮೂರು ಆ್ಯಪ್ ತೋರಿಸಿದೆ. ಅವಳ ಬೇಡಿಕೆಗಳೇ ಬೇರೆ: ಅಕ್ಷರ ದೊಡ್ಡದು ಮಾಡಿದಾಗ ಸಾಲು ಮುರಿಯಬಾರದು, ಅಕ್ಷರಕ್ಕೂ ಹಿನ್ನೆಲೆಗೂ ಚೆನ್ನಾಗಿ ವ್ಯತ್ಯಾಸ ಇರಬೇಕು. ವೆಬ್ ತಯಾರಿಸುವವರ ನಿಯಮದಲ್ಲಿ ಇದಕ್ಕೆ 4.5:1 ಅನ್ನುವ ಅಳತೆಯೇ ಇದೆ. ಅವಳು ಟು ಡು ಆರಿಸಿ, ಪಟ್ಟಿಯ ಹಿಂದಿನ ಚಿತ್ರ ತೆಗೆದು, ಕಪ್ಪು ಥೀಮ್ ಹಾಕಿಕೊಂಡಳು.

ಯಾವ ಆ್ಯಪ್ ಆರಿಸಿದರೂ ಫೋನಿನಲ್ಲಿ ಎರಡು ಕೆಲಸ ಮಾಡಿ. ಬ್ಯಾಟರಿ ಉಳಿಸಲು ಕೆಲವು ಫೋನುಗಳು ಹಿಂದೆ ನಡೆಯುವ ಆ್ಯಪ್‌ಗಳನ್ನು ಮಲಗಿಸುತ್ತವೆ, ಆಗ ರಿಮೈಂಡರ್ ತಡವಾಗಿ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಆಯ್ಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಹೆಸರಿಲ್ಲದ ಬಟನ್ ಎದುರಾದರೆ ಹೆಚ್ಚಿನ ಕಡೆ ಟಾಕ್‌ಬ್ಯಾಕ್ ಮೆನುವಿನಲ್ಲಿ ಅದಕ್ಕೆ ನೀವೇ ಹೆಸರು ಕೊಡಬಹುದು. ಒಮ್ಮೆ ಕಣ್ಣಿದ್ದವರನ್ನು ಪಕ್ಕ ಕೂರಿಸಿಕೊಂಡು ಮಾಡಿಟ್ಟರೆ ಆಯಿತು.

ನಾನು ಕೊನೆಗೆ ಟು ಡು ಮತ್ತು ಕಾರ್ಡು ಎರಡನ್ನೂ ಇಟ್ಟುಕೊಂಡೆ. ಬೆಳಿಗ್ಗೆ ಮೈ ಡೇ ಕೇಳಿಕೊಂಡು ಆ ದಿನದ ಆರ್ಡರ್‌ಗಳನ್ನು ಕಾರ್ಡಿಗೆ ಚುಚ್ಚುತ್ತೇನೆ. ಶುಕ್ರವಾರ ನಾಲ್ಕಕ್ಕೆ ಫೋನು ಸದ್ದು ಮಾಡುತ್ತದೆ. ಗ್ರೈಂಡರ್ ನಿಲ್ಲಿಸಿ ಎಡ ಡಬ್ಬಿಯಿಂದ ‘ಆ’ ಅಂತ ಶುರುವಾಗುವ ಕಾರ್ಡು ತೆಗೆಯುತ್ತೇನೆ. ಐದು ಕೆಜಿ, 80:20. ಹುಡುಗ ಪೊಟ್ಟಣ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬಂದು “ಹೋಯ್ತು ಅಣ್ಣ” ಅಂದ ಮೇಲೆ ಕಾರ್ಡನ್ನು ಬಲ ಡಬ್ಬಿಗೆ ಹಾಕಿ, ಫೋನು ತಟ್ಟಿ ಟಿಂಗ್ ಕೇಳಿಸಿಕೊಳ್ಳುತ್ತೇನೆ.